ಮೂತಿ ಮೇಲೆ, ಮೂತಿ ಕೆಳಗೆ

ಸಿ.ಟಿ. ಸ್ಕ್ಯಾನ್ ಕೊಠಡಿಯಲ್ಲಿ, ರಕ್ತನಾಳಗಳು ಚಿತ್ರದಲ್ಲಿ ಎದ್ದು ಕಾಣಲೆಂದು ಕೊಡುವ ಡೈಯನ್ನು, ಅಂದರೆ ಕಾಂಟ್ರಾಸ್ಟ್ ದ್ರವವನ್ನು, ತಳ್ಳಲೆಂದೇ ಒಂದು ಯಂತ್ರವಿರುತ್ತದೆ. ಉದ್ದನೆಯ ಕಂಬದ ತುದಿಗೆ ಒಂದು ತಲೆ, ಆ ತಲೆಗೆ ಸಿಕ್ಕಿಸಿದ ದಪ್ಪ ಪ್ಲಾಸ್ಟಿಕ್ ಸಿರಿಂಜು. ಯಂತ್ರದ ಪರದೆಯ ಮೇಲೆ ‘100 ಎಂ.ಎಲ್.’ ಎಂದು ಮೂಡಿತು ಅನ್ನಿ. ಸಿರಿಂಜಿನಲ್ಲಿ 100 ಎಂ.ಎಲ್. ಔಷಧ ತುಂಬಿದೆ ಎಂದು ಅದು ಹೇಳುತ್ತಿಲ್ಲ. ಪಿಸ್ಟನ್ 100ರ ಗೆರೆಯವರೆಗೆ ಹಿಂದೆ ಸರಿದಿದೆ ಎಂದಷ್ಟೇ ಹೇಳುತ್ತಿದೆ. ಪಿಸ್ಟನ್ನಿನ ಮುಂದಿರುವುದು ಅಯೋಡಿನ್ ಬೆರೆತ ದ್ರವವೋ ಬರೀ ಗಾಳಿಯೋ ಎಂಬುದು, ಗಾಳಿ ಹಿಡಿಯುವ ಸೆನ್ಸರ್ ಇಲ್ಲದ ಯಂತ್ರಕ್ಕೆ ತಿಳಿಯದು. ಗುಂಡಿ ಒತ್ತಿದರೆ ಎರಡನ್ನೂ ಒಂದೇ ನಿಷ್ಠೆಯಿಂದ ತಳ್ಳುತ್ತದೆ. ಸೆಕೆಂಡಿಗೆ 5 ಎಂ.ಎಲ್. ವೇಗಕ್ಕೆ ಹೊಂದಿಸಿದ್ದರೆ 100 ಎಂ.ಎಲ್. ಖಾಲಿಯಾಗಲು 20 ಸೆಕೆಂಡು ಸಾಕು.

ಆಸ್ಪತ್ರೆಯಲ್ಲಿ ಗಾಳಿಗುಳ್ಳೆಯ ಭಯ ಹೊಸತಲ್ಲ. ಡ್ರಿಪ್ ಕೊಳವೆಯಲ್ಲಿ ಒಂದು ಗುಳ್ಳೆ ಕಂಡರೆ ಸಾಕು, ಮಂಚದ ಪಕ್ಕ ಕೂತ ನೆಂಟರು ‘ಸಿಸ್ಟರ್, ಏರ್ ಹೋಗ್ತಾ ಇದೆ’ ಎಂದು ಓಡುತ್ತಾರೆ. ಖಾಲಿ ಸಿರಿಂಜಿನಿಂದ ಗಾಳಿ ಚುಚ್ಚಿ ಕೊಲ್ಲುವ ಉಪಾಯ ಪತ್ತೇದಾರಿ ಕಾದಂಬರಿಗಳಲ್ಲೂ ಹಳತು; ಡೊರೊಥಿ ಸೇಯರ್ಸ್ 1927ರಲ್ಲೇ ‘ಅನ್‌ನ್ಯಾಚುರಲ್ ಡೆತ್’ ಕಾದಂಬರಿಯಲ್ಲಿ ಅದನ್ನು ಬಳಸಿಬಿಟ್ಟಿದ್ದರು. ನನಗೆ ಅನ್ನಿಸುವುದು ಇಷ್ಟು: ಭಯ ತಪ್ಪಲ್ಲ, ಅದರ ಅಳತೆ ತಪ್ಪಿದೆ. ಕಣ್ಣಿಗೆ ಕಾಣುವ ಅಕ್ಕಿಕಾಳು ಗಾತ್ರದ ಗುಳ್ಳೆಗೆ ಹೆದರುತ್ತೇವೆ. ಪಾರದರ್ಶಕ ಸಿರಿಂಜಿನೊಳಗೆ ಕಣ್ಣಿಗೇ ಕಾಣದ ಗಾಳಿಗೆ ಹೆದರುವುದಿಲ್ಲ. ನಿಜವಾದ ಅವಘಡ ನಡೆಯುವುದು ಅಲ್ಲಿ.

ಗಾಳಿ ದೇಹದೊಳಗೆ ಹೋದರೆ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಮೊಣಕೈ ಮಡಿಕೆಯ ಅಭಿಧಮನಿಗೆ ಹೊಕ್ಕ ಗುಳ್ಳೆ ತೋಳು, ಭುಜ ದಾಟಿ ಹೃದಯದ ಬಲಭಾಗಕ್ಕೆ ಬರುತ್ತದೆ, ಅಲ್ಲಿಂದ ಶ್ವಾಸಕೋಶಕ್ಕೆ. ಶ್ವಾಸಕೋಶದ ಲೋಮನಾಳಗಳು ಒಂದು ಕೆಂಪು ರಕ್ತಕಣ ತೂರಿಹೋಗುವಷ್ಟೇ ಕಿರಿದು. ಗುಳ್ಳೆ ಅಲ್ಲಿ ಸಿಕ್ಕಿಬೀಳುತ್ತದೆ, ಮೆಲ್ಲಗೆ ಕರಗಿ ಉಸಿರಿನ ಜೊತೆ ಹೊರಟುಹೋಗುತ್ತದೆ. ಸಣ್ಣ ಗುಳ್ಳೆಗಳ ಮಟ್ಟಿಗೆ ಇದು ಒಳ್ಳೆಯ ಜಾಲರಿ. ದೊಡ್ಡ ಪ್ರಮಾಣದ ಗಾಳಿ ಒಮ್ಮೆಗೇ ನುಗ್ಗಿದರೆ ಮಾತ್ರ ಕತೆ ಬೇರೆ. ಹೃದಯ ಇರುವುದು ದ್ರವ ತಳ್ಳಲು. ದ್ರವ ಒತ್ತಿದರೆ ಕುಗ್ಗದು, ಗಾಳಿ ಕುಗ್ಗುತ್ತದೆ. ಬಲ ಹೃತ್ಕುಕ್ಷಿ ಎಷ್ಟು ಹಿಂಡಿದರೂ ಒಳಗಿನ ನೊರೆ ಕುಗ್ಗುತ್ತದೆ, ಹಿಗ್ಗುತ್ತದೆ, ಮುಂದಕ್ಕೆ ಸಾಗುವುದಿಲ್ಲ. ಶ್ವಾಸಕೋಶಕ್ಕೆ ರಕ್ತ ಸಿಗದೆ, ಎಡ ಹೃದಯಕ್ಕೆ ವಾಪಸು ಬರುವ ರಕ್ತವೂ ಇಲ್ಲದೆ, ರಕ್ತದೊತ್ತಡ ಕುಸಿಯುತ್ತದೆ. ವಯಸ್ಕರಲ್ಲಿ 200ರಿಂದ 300 ಎಂ.ಎಲ್., ಅಂದರೆ ದೇಹತೂಕದ ಪ್ರತಿ ಕಿಲೋಗೆ 3ರಿಂದ 5 ಎಂ.ಎಲ್. ಗಾಳಿ ಪ್ರಾಣಕ್ಕೆ ಎರವಾಗಬಹುದು ಎಂಬುದು ವೈದ್ಯಗ್ರಂಥಗಳ ಅಂದಾಜು. ಯಾರೂ ಪ್ರಯೋಗ ಮಾಡಿ ಕಂಡುಕೊಂಡ ಸಂಖ್ಯೆಯಲ್ಲ ಇದು. ಆಕಸ್ಮಿಕಗಳಿಂದ ಹಿಂದಕ್ಕೆ ಲೆಕ್ಕ ಹಾಕಿದ್ದು. ಪ್ರಮಾಣದಷ್ಟೇ ವೇಗವೂ ಮುಖ್ಯ. ಅದೇ ಗಾಳಿ ಗಂಟೆಗಟ್ಟಲೆ ತೊಟ್ಟುತೊಟ್ಟಾಗಿ ಹೋದರೆ ಶ್ವಾಸಕೋಶ ನಿಭಾಯಿಸೀತು. 20 ಸೆಕೆಂಡಿನಲ್ಲಿ ನುಗ್ಗಿದರೆ ಅದಕ್ಕೆ ವೇಳೆಯೇ ಇಲ್ಲ.

ಸಣ್ಣ ಗುಳ್ಳೆಗಳು ಎಷ್ಟು ಸಾಮಾನ್ಯ ಎಂಬುದಕ್ಕೆ ಸಿ.ಟಿ. ಚಿತ್ರವೇ ಸಾಕ್ಷಿ. ಸಿ.ಟಿ.ಯ ಹೌನ್ಸ್‌ಫೀಲ್ಡ್ ಮಾಪನದಲ್ಲಿ ನೀರು ಸೊನ್ನೆ, ಗಾಳಿ ಮೈನಸ್ 1000. ಡೈ ತುಂಬಿ ಬೆಳ್ಳಗೆ ಹೊಳೆಯುವ ರಕ್ತನಾಳದಲ್ಲಿ ಗಾಳಿ ಕಡುಗಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತದೆ. ರೋಗಿ ಅಂಗಾತ ಮಲಗಿರುವುದರಿಂದ ಗಾಳಿ ಮೇಲಕ್ಕೆ ತೇಲಿ, ಎದೆಮೂಳೆಯ ಹಿಂಬದಿಗೆ, ಶ್ವಾಸಕೋಶದ ಅಪಧಮನಿಯ ಮುಂಭಾಗದಲ್ಲಿ ಬಂದು ನಿಲ್ಲುತ್ತದೆ. 1988ರಲ್ಲಿ ‘ರೇಡಿಯಾಲಜಿ’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ, ಡೈ ಪಡೆದವರಲ್ಲಿ ನೂರಕ್ಕೆ 23 ಮಂದಿಯ ಚಿತ್ರದಲ್ಲಿ ಹೀಗೆ ಗಾಳಿಯನ್ನು ಗುರುತಿಸಿತ್ತು. ಅವರಿಗೆ ಏನೂ ಆಗಿರಲಿಲ್ಲ, ತಮ್ಮೊಳಗೆ ಗಾಳಿ ಹೊಕ್ಕಿದೆ ಎಂಬ ಅರಿವೂ ಅವರಿಗಿರಲಿಲ್ಲ. ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿಯ ಕಾಂಟ್ರಾಸ್ಟ್ ಕೈಪಿಡಿಯೂ ಇದನ್ನೇ ಹೇಳುತ್ತದೆ: ಕೈಯಿಂದ ಡೈ ಕೊಡುವಾಗ ಸದ್ದಿಲ್ಲದ ಗಾಳಿ ಸೇರ್ಪಡೆ ಸಾಮಾನ್ಯ, ಅಪಾಯಕಾರಿ ಮಟ್ಟದ್ದು ಅತಿ ವಿರಳ, ಯಂತ್ರವನ್ನು ಜಾಗ್ರತೆಯಿಂದ ಬಳಸಿದರೆ ಅಪಾಯ ಮತ್ತಷ್ಟು ಕಡಿಮೆ.

ಹಾಗಿದ್ದರೆ ಚಿಕ್ಕ ಗುಳ್ಳೆಗಳ ಹಿಂದೆ ಯಾಕೆ ಬೀಳಬೇಕು? ಒಂದು ಕಾರಣ ನಮ್ಮ ಹೃದಯದಲ್ಲೇ ಇದೆ. ಹುಟ್ಟುವ ಮುನ್ನ ಹೃದಯದ ಬಲ, ಎಡ ಮೇಲ್ಕೋಣೆಗಳ ನಡುವೆ ಒಂದು ಕಿಂಡಿ ಇರುತ್ತದೆ. ಹುಟ್ಟಿದ ಮೇಲೆ ಅದು ಮುಚ್ಚಿಕೊಳ್ಳಬೇಕು. ವಯಸ್ಕರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದು ಪೂರ್ತಿ ಬೆಸೆದುಕೊಂಡಿರುವುದಿಲ್ಲ. ಸುಮ್ಮನಿದ್ದಾಗ ಕದ ಮುಚ್ಚಿರುತ್ತದೆ. ಕೆಮ್ಮಿದಾಗ, ತಿಣುಕಿದಾಗ ಬಲಗಡೆಯ ಒತ್ತಡ ಏರಿ ಚೂರು ತೆರೆಯುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಬಂದ ಗುಳ್ಳೆ ಶ್ವಾಸಕೋಶದ ಜಾಲರಿಯನ್ನು ತಪ್ಪಿಸಿಕೊಂಡು ಎಡಕ್ಕೆ ದಾಟಿ ನೇರ ಮೆದುಳಿಗೆ ಹೋಗಬಹುದು. ಹುಟ್ಟಿನಿಂದಲೇ ಹೃದಯದಲ್ಲಿ ರಂಧ್ರವಿರುವ ಮಕ್ಕಳ ವಿಷಯದಲ್ಲಂತೂ ಪುಟ್ಟ ಗುಳ್ಳೆಯನ್ನೂ ಬಿಡಬಾರದೆಂದು ನರ್ಸ್‌ಗಳಿಗೆ ಪಾಠವಾಗಿರುತ್ತದೆ.

ಇನ್ನು ಗುಳ್ಳೆ ಬರುವುದಾದರೂ ಎಲ್ಲಿಂದ? ಬಾಟಲಿಯಲ್ಲಿ ಕಾಣದ ಗಾಳಿ ಸಿರಿಂಜಿನಲ್ಲಿ ಹೇಗೆ ಹುಟ್ಟಿತು ಎಂದು ಹೊಸ ಟೆಕ್ನಿಷಿಯನ್‌ಗಳಿಗೆ ಅಚ್ಚರಿಯಾಗುವುದುಂಟು. ಮೂರು ದಾರಿಗಳಿವೆ, ಮೂರಕ್ಕೂ ಅವಸರವೇ ಬಾಗಿಲು.

ಮೊದಲನೆಯದು ದ್ರವದೊಳಗೇ ಕರಗಿ ಕೂತ ಗಾಳಿ. ಒಲೆಯ ಮೇಲಿಟ್ಟ ನೀರು ಕುದಿಯುವುದಕ್ಕೆ ಬಹಳ ಮುಂಚೆಯೇ ಪಾತ್ರೆಯ ಗೋಡೆಗೆ ಸಣ್ಣ ಸಣ್ಣ ಮುತ್ತುಗಳು ಅಂಟಿಕೊಳ್ಳುವುದನ್ನು ನೋಡಿದ್ದೀರಲ್ಲ, ಅದೇ ಇದು. ಬಿಸಿಯಾದಷ್ಟೂ ದ್ರವ ಕಡಿಮೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಒತ್ತಡ ಇಳಿದಷ್ಟೂ ಹಾಗೆಯೇ. ಪಿಸ್ಟನ್ನನ್ನು ರಪ್ಪನೆ ಹಿಂದಕ್ಕೆಳೆದರೆ ಸಿರಿಂಜಿನೊಳಗೆ ಒತ್ತಡ ಕುಸಿಯುತ್ತದೆ, ಕರಗಿದ್ದ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ. ಎರಡನೆಯದು ಸೋರಿಕೆ. ಒಳಗೆ ಒತ್ತಡ ಕಡಿಮೆಯಾದಾಗ ಸಡಿಲವಾಗಿ ತಿರುಗಿಸಿದ ಜೋಡಣೆಯಿಂದ, ಪಿಸ್ಟನ್ನಿನ ರಬ್ಬರ್ ಅಂಚಿನಿಂದ ಹೊರಗಿನ ಗಾಳಿ ನುಸುಳುತ್ತದೆ. ದ್ರವ ಹೊರಗೆ ತೊಟ್ಟಿಕ್ಕದ ಜೋಡಣೆಯೂ ಎಳೆಯುವಾಗ ಗಾಳಿಯನ್ನು ಒಳಬಿಡಬಹುದು, ಅದೇ ಇದರ ಮೋಸ. ಮೂರನೆಯದು ನೊರೆ. ದ್ರವ ಚಿಲುಮೆಯಂತೆ ರಭಸದಿಂದ ಚಿಮ್ಮಿ ಸಿರಿಂಜಿನೊಳಗಿನ ಗಾಳಿಯನ್ನು ತನ್ನೊಳಗೆ ಕಲಕಿಕೊಂಡಾಗ ಅದು ಹುಟ್ಟುತ್ತದೆ.

ಬಾಟಲಿಯದೂ ಒಂದು ಪಾಲಿದೆ. ಗಾಜಿನ ಬಾಟಲಿ ಪ್ಲಾಸ್ಟಿಕ್ ಚೀಲದಂತೆ ಕುಗ್ಗದು. ಒಳಗಿನ ದ್ರವ ಹೊರಬಂದಷ್ಟೂ ಗಾಳಿ ಒಳಹೋಗಲು ದಾರಿ ಬೇಕು. ಅದಕ್ಕಾಗಿಯೇ ಗಾಳಿಕಿಂಡಿ ಇರುವ ಸ್ಪೈಕ್ ಚುಚ್ಚುತ್ತಾರೆ. ಕಿಂಡಿ ಮುಚ್ಚಿದ್ದರೆ ಬಾಟಲಿಯಲ್ಲಿ ನಿರ್ವಾತ ಉಂಟಾಗಿ, ಪಿಸ್ಟನ್ ಎಳೆದಷ್ಟೂ ದ್ರವದ ಬದಲು ಗುಳ್ಳೆಗಳೇ ಬರುತ್ತವೆ. ಬಾಟಲಿಯ ತಳ ಕಾಣುವ ಹೊತ್ತಿಗೆ ಕೊಳವೆಯ ತುದಿ ದ್ರವದಿಂದ ಮೇಲೆದ್ದರೆ ಕೊನೆಯ ಎಳೆತದಲ್ಲಿ ಒಂದು ದೊಡ್ಡ ಗುಟುಕು ಗಾಳಿ ಒಳಬರುವುದು ಖಂಡಿತ.

ಈ ಡೈ ನೀರಿನಂಥದ್ದಲ್ಲ. ಸಿ.ಟಿ.ಗೆ ಬಳಸುವ ಐಯೋಹೆಕ್ಸಾಲ್ ಎಂಬ ದ್ರಾವಣ, ಪ್ರತಿ ಎಂ.ಎಲ್.ಗೆ 350 ಮಿಲಿಗ್ರಾಂ ಅಯೋಡಿನ್ ಇರುವಂಥದ್ದು, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿಗಿಂತ ಸುಮಾರು 20 ಪಟ್ಟು ಮಂದ. ಮೈಬಿಸಿಯಷ್ಟು, ಅಂದರೆ 37 ಡಿಗ್ರಿಗೆ ಕಾಯಿಸಿದರೆ ಆ ಮಂದತನ ಅರ್ಧಕ್ಕಿಳಿಯುತ್ತದೆ. ಬಾಟಲಿಗಳನ್ನು ಬೆಚ್ಚಗಿಡಲು ಸ್ಕ್ಯಾನ್ ಕೊಠಡಿಗಳಲ್ಲಿ ಪುಟ್ಟ ಬೆಚ್ಚನೆಯ ಪೆಟ್ಟಿಗೆ ಇಟ್ಟಿರುವುದು ಇದಕ್ಕೇ: ತಳ್ಳಲು ಕಡಿಮೆ ಒತ್ತಡ ಸಾಕು. ಗುಳ್ಳೆಯ ಲೆಕ್ಕದಲ್ಲೂ ಈ ಬಿಸುಪಿಗೆ ಬೆಲೆಯಿದೆ. ಜಾರ್ಜ್ ಸ್ಟೋಕ್ಸ್ 1851ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಗುಳ್ಳೆ ಮೇಲೇರುವ ವೇಗ ಅದರ ತ್ರಿಜ್ಯದ ವರ್ಗಕ್ಕೆ ತಕ್ಕಂತೆ ಏರುತ್ತದೆ, ದ್ರವದ ಮಂದತನಕ್ಕೆ ತಕ್ಕಂತೆ ಇಳಿಯುತ್ತದೆ. ಲೆಕ್ಕ ಹಾಕಿ ನೋಡಿದರೆ, 20 ಡಿಗ್ರಿಯ ಡೈನಲ್ಲಿ 1 ಮಿಲಿಮೀಟರ್ ವ್ಯಾಸದ ಗುಳ್ಳೆ 10 ಸೆಂಟಿಮೀಟರ್ ಏರಲು ಮೂರ್ನಾಲ್ಕು ಸೆಕೆಂಡು ಸಾಕು. ಅದರ ಹತ್ತನೇ ಒಂದರಷ್ಟಿರುವ ಗುಳ್ಳೆಗೆ ಅಷ್ಟೇ ದೂರಕ್ಕೆ ನಾಲ್ಕು ನಿಮಿಷ ದಾಟುತ್ತದೆ. ಬೆಚ್ಚಗಿನ ಡೈನಲ್ಲಿ ಎರಡು ನಿಮಿಷ.

ಈ ನಾಲ್ಕು ನಿಮಿಷವೇ ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು. ದೊಡ್ಡ ಗುಳ್ಳೆ ತಾನಾಗಿಯೇ ಮೇಲೆ ಬರುತ್ತದೆ, ಹೊರಗೆ ದಬ್ಬಿದರಾಯಿತು. ನೊರೆಯಾಗಿ ಒಡೆದ ಗುಳ್ಳೆಗೆ ಕಾಯಬೇಕು. ಹೊರಗೆ ಇಪ್ಪತ್ತು ಜನ ಫೈಲು ಹಿಡಿದು ಕೂತಿರುವಾಗ ಯಾರು ಕಾಯುತ್ತಾರೆ? ಆದ್ದರಿಂದ ಜಾಣತನ ಇರುವುದು ಗುಳ್ಳೆ ತೆಗೆಯುವುದರಲ್ಲಲ್ಲ, ಅದು ಹುಟ್ಟದಂತೆ ತುಂಬುವುದರಲ್ಲಿ. ಆಮೇಲೆ ನಾಲ್ಕು ನಿಮಿಷ ಕಾಯುವುದಕ್ಕಿಂತ ಮೊದಲೇ ಅರ್ಧ ನಿಮಿಷ ನಿಧಾನವಾಗಿ ಎಳೆಯುವುದು ಅಗ್ಗ.

ಚೆನ್ನಾಗಿ ತುಂಬುವವರನ್ನು ನೋಡಿದರೆ ಅವರ ಕೈ ಒಂದು ಕ್ರಮ ಹಿಡಿದಿರುತ್ತದೆ. ಸಿರಿಂಜು ಸಿಕ್ಕಿಸುವಾಗ ಯಂತ್ರದ ತಲೆಯ ಮೂತಿ ಮೇಲಕ್ಕಿರುತ್ತದೆ. ಮೊದಲು ಪಿಸ್ಟನ್ನನ್ನು ತುದಿಯವರೆಗೆ ಮುಂದೆ ತಳ್ಳಿ ಸಿರಿಂಜಿನೊಳಗಿನ ಗಾಳಿಯನ್ನು ಪೂರ್ತಿ ಹೊರಹಾಕುತ್ತಾರೆ. ಇದನ್ನು ಬಿಟ್ಟರೆ ಮುಂದಿನದೆಲ್ಲ ಗಾಳಿಯ ಮೇಲೆ ದ್ರವ ಸುರಿದಂತೆಯೇ. ಆಮೇಲೆ ಬಾಟಲಿಗೆ ಕೊಳವೆ ಸೇರಿಸಿ, ದ್ರವದ ತುಂಬು ಎಳೆ ತುಂಡಾಗದಷ್ಟು ನಿಧಾನವಾಗಿ ಪಿಸ್ಟನ್ ಹಿಂದಕ್ಕೆ ಸರಿಸುತ್ತಾರೆ. ಯಂತ್ರದಲ್ಲಿ ವೇಗವಾಗಿ ತುಂಬುವ ಗುಂಡಿ ಇದ್ದರೂ ಅದನ್ನು ಮುಟ್ಟುವುದಿಲ್ಲ. ತುಂಬಿದ ಮೇಲೆ ಮೂತಿ ಮೇಲಿರುವಂತೆಯೇ ಸಿರಿಂಜಿನ ಮೈಯನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತಾರೆ. ಗೋಡೆಗೆ ಅಂಟಿದ ಗುಳ್ಳೆಯನ್ನು ಮೇಲ್ಮೈ ಸೆಳೆತ ಹಿಡಿದಿರುತ್ತದೆ. ಒಂದು ಸಣ್ಣ ಅದುರು ಸಾಕು, ಬಿಟ್ಟುಕೊಟ್ಟು ತೇಲುತ್ತದೆ. ಜೋರಾಗಿ ಬಡಿದರೆ ಒಂದು ದೊಡ್ಡ ಗುಳ್ಳೆ ಹತ್ತು ಮರಿಗಳಾಗಿ ಒಡೆದು, ಮೇಲೆ ಹೇಳಿದ ನಾಲ್ಕು ನಿಮಿಷದ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. ಬಾಟಲಿಯನ್ನು ಔಷಧದ ಸೀಸೆಯಂತೆ ಕುಲುಕುವ ಅಭ್ಯಾಸವೂ ಇದೇ ಕಾರಣಕ್ಕೆ ಕೆಟ್ಟದ್ದು.

ಮುಂದಿನದು ಕೊಳವೆ. ಸಿರಿಂಜಿನಿಂದ ರೋಗಿಯ ಕೈಯವರೆಗಿನ ಸುರುಳಿ ಕೊಳವೆ ಒಂದೂವರೆ ಮೀಟರ್ ಇದ್ದು, ಒಳವ್ಯಾಸ 2 ಮಿಲಿಮೀಟರ್ ಇದ್ದರೆ ಅದರೊಳಗೆ 4.7 ಎಂ.ಎಲ್. ಗಾಳಿ ಇರುತ್ತದೆ. ಸಿರಿಂಜು ಎಷ್ಟೇ ಚೊಕ್ಕವಾಗಿದ್ದರೂ ಕೊಳವೆಯನ್ನು ದ್ರವದಿಂದ ತುಂಬಿಸದೆ ಜೋಡಿಸಿದರೆ ಮೊದಲ ಒಂದು ಸೆಕೆಂಡಿನಲ್ಲಿ ಒಳಹೋಗುವುದು ಅಷ್ಟೂ ಗಾಳಿಯೇ. ಆದ್ದರಿಂದ ಕೊಳವೆಯ ಇನ್ನೊಂದು ತುದಿಯಲ್ಲಿ ದ್ರವದ ಹನಿ ಉದುರುವವರೆಗೆ ತಳ್ಳಿ ನೋಡುತ್ತಾರೆ. ಕೈಗೆ ಹಾಕಿದ ಕ್ಯಾನುಲಾದ ಬಾಯಲ್ಲೂ ರಕ್ತವೋ ಸಲೈನೋ ತುಂಬಿ ನಿಂತಿರಬೇಕು. ಹನಿಗೆ ಹನಿ ತಾಗುವಂತೆ ಜೋಡಿಸಿದರೆ ನಡುವೆ ಗಾಳಿಗೆ ಜಾಗವಿರದು. ಹಳಬ ಟೆಕ್ನಿಷಿಯನ್‌ಗಳು ಜೋಡಿಸಿದ ಮೇಲೂ ಪಿಸ್ಟನ್ನನ್ನು ಚೂರು ಹಿಂದೆ ಎಳೆದು ರಕ್ತ ಬರುತ್ತದೆಯೇ ನೋಡುತ್ತಾರೆ, ಆಮೇಲೆ ಒಂದಿಷ್ಟು ಸಲೈನ್ ತಳ್ಳಿ ಪರೀಕ್ಷಿಸುತ್ತಾರೆ. ಸೂಜಿ ರಕ್ತನಾಳದಲ್ಲೇ ಇದೆಯೇ ಎಂಬ ಪ್ರಶ್ನೆಗೆ ಅದು ಉತ್ತರ. ಜೊತೆಗೆ ಕೊಳವೆಯನ್ನು ಇನ್ನೊಮ್ಮೆ ಕಣ್ಣಿಟ್ಟು ನೋಡಲು ಒಂದು ನೆಪ.

ಇಷ್ಟಾದ ಮೇಲೆ ಯಂತ್ರದ ತಲೆ ತಿರುಗುತ್ತದೆ. ತುಂಬುವಾಗ ಮೇಲಿದ್ದ ಮೂತಿ ಈಗ ಕೆಳಗೆ. ಸ್ಕ್ಯಾನ್ ಕೊಠಡಿಯ ಒಳಗನ್ನು ಕಂಡವರು ಇದನ್ನು ಗಮನಿಸಿರಬಹುದು, ಅರ್ಥ ಹೊಳೆದಿರಲಿಕ್ಕಿಲ್ಲ. ತುಂಬುವಾಗ ಗಾಳಿ ಮೂತಿಯ ಬಳಿ ಸೇರಲಿ, ಅಲ್ಲಿಂದ ಹೊರಗೆ ಹೋಗಲಿ ಎಂದು ಮೂತಿ ಮೇಲೆ. ತಳ್ಳುವಾಗ ಕಣ್ತಪ್ಪಿ ಉಳಿದ ಗಾಳಿ ಮೂತಿಯಿಂದ ದೂರ, ಪಿಸ್ಟನ್ನಿನ ಕಡೆಗೆ ತೇಲಲಿ ಎಂದು ಮೂತಿ ಕೆಳಗೆ. ಒಂದು ಪೈಸೆ ಖರ್ಚಿಲ್ಲದ, ವಿದ್ಯುತ್ ಬೇಡದ ರಕ್ಷಣೆ ಇದು. ಸಿರಿಂಜನ್ನು ಕೊನೆಯ ಹನಿಯವರೆಗೆ ಖಾಲಿ ಮಾಡದೆ ತುಸು ಡೈ ಉಳಿಸುವುದೂ ಇದೇ ಲೆಕ್ಕ: ಪಿಸ್ಟನ್ನಿಗೆ ಅಂಟಿ ನಿಂತ ಗಾಳಿ ಅದರ ಜೊತೆಗೇ ಉಳಿದುಹೋಗುತ್ತದೆ. ಎಷ್ಟೋ ಯಂತ್ರಗಳು ಈಗ ತಲೆ ಕೆಳಗೆ ಬಾಗದಿದ್ದರೆ ಡೈ ತಳ್ಳಲು ಒಪ್ಪುವುದೇ ಇಲ್ಲ. ಯಂತ್ರಕ್ಕೆ ಇಷ್ಟು ಹಟ ಕಲಿಸಿದ್ದು ಒಳ್ಳೆಯದೇ.

ಈ ಯಂತ್ರಗಳ ಚರಿತ್ರೆ ಪಿಟ್ಸ್‌ಬರ್ಗ್ ಊರಿಗೆ ಹೋಗಿ ಮುಟ್ಟುತ್ತದೆ. ಅಲ್ಲಿ ಸ್ಟೀಫನ್ ಹೈಲ್ಮನ್ ಎಂಬ ತುರ್ತು ಚಿಕಿತ್ಸೆಯ ವೈದ್ಯ 1964ರಲ್ಲಿ ಮೆಡ್‌ರ್ಯಾಡ್ ಎಂಬ ಕಂಪನಿ ಕಟ್ಟಿದ. ಡೈ ಹರಿಯುವ ವೇಗವನ್ನೇ ಹಿಡಿತದಲ್ಲಿಡುವ ಇಂಜೆಕ್ಟರ್ ತಯಾರಿಸಿದ. ಇದೇ ಹೈಲ್ಮನ್ ಮುಂದೆ ಮಿಷೆಲ್ ಮಿರೋವ್ಸ್ಕಿಯ ಜೊತೆ ಸೇರಿ, ಎದೆಯೊಳಗೆ ಇಡುವ ಡಿಫಿಬ್ರಿಲೇಟರ್ ಸಾಕಾರವಾಗಲು ದುಡಿದ. ಅದು ಬೇರೆಯೇ ಕತೆ. ಮೆಡ್‌ರ್ಯಾಡ್ ಈಗ ಬೇಯರ್ ಕಂಪನಿಯ ತೆಕ್ಕೆಯಲ್ಲಿದೆ. ಅವರ ಸಿರಿಂಜುಗಳ ಮೈಮೇಲೆ ಒಂದು ಸಾಲು ಚುಕ್ಕೆಗಳು ಮುದ್ರಿತವಾಗಿರುತ್ತವೆ, ಹೆಸರು ಫ್ಲೂಯಿಡಾಟ್ಸ್. ಸಿರಿಂಜು ಖಾಲಿ ಇದ್ದಾಗ ಎದುರು ಬದಿಯಿಂದ ನೋಡಿದರೆ ಚುಕ್ಕೆಗಳು ಕಿರಿದಾದ ಅಂಡಾಕಾರ. ದ್ರವ ತುಂಬಿದಾಗ ಅವೇ ಚುಕ್ಕೆಗಳು ದುಂಡಗೆ ಉಬ್ಬುತ್ತವೆ. ದ್ರವ ತುಂಬಿದ ಉರುಳೆ ಮಸೂರದಂತೆ ಕೆಲಸ ಮಾಡಿ ಆಚೆ ಬದಿಯ ಚುಕ್ಕೆಯನ್ನು ಅಗಲ ಮಾಡಿ ತೋರಿಸುತ್ತದೆ, ಅಷ್ಟೇ. ಸೆನ್ಸರ್ ಇಲ್ಲ, ಬ್ಯಾಟರಿ ಇಲ್ಲ, ಪ್ರೌಢಶಾಲೆಯ ಬೆಳಕಿನ ಪಾಠ. ಇಡೀ ಕ್ಷೇತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಕಲ್ಪನೆ ಇದು. ಏಕೆಂದರೆ ಡೈ ನೀರಿನಷ್ಟೇ ತಿಳಿ, ಸಿರಿಂಜು ಗಾಜಿನಷ್ಟೇ ಪಾರದರ್ಶಕ; ಮಬ್ಬು ಬೆಳಕಿನಲ್ಲಿ ಪೂರ್ತಿ ತುಂಬಿದ ಸಿರಿಂಜಿಗೂ ಪೂರ್ತಿ ಖಾಲಿ ಸಿರಿಂಜಿಗೂ ದೂರದಿಂದ ವ್ಯತ್ಯಾಸವೇ ಕಾಣದು. ಅರ್ಧ ತುಂಬಿದ್ದರೆ ಗೆರೆ ಕಾಣುತ್ತದೆ, ಪೂರ್ತಿ ಖಾಲಿಯಾದರೆ ಗೆರೆಯೂ ಇಲ್ಲ. ಹಿಂದಿನ ರೋಗಿಗೆ ಬಳಸಿದ ಸಿರಿಂಜು ತೆಗೆದು ಹೊಸದು ಹಾಕಿ, ಪಿಸ್ಟನ್ ಹಿಂದೆ ಸರಿಸಿ, ಬಾಟಲಿ ಜೋಡಿಸುವಷ್ಟರಲ್ಲಿ ಫೋನು ಬಂತು, ಕೆಲಸ ಕೈ ಬದಲಾಯಿತು, ಮುಂದಿನವರು ಪರದೆ ನೋಡಿ ತುಂಬಿದೆ ಎಂದುಕೊಂಡರು: ಖಾಲಿ ಸಿರಿಂಜಿನ ಅವಘಡಕ್ಕೆ ಇಷ್ಟೇ ಸಾಕು. ಚುಕ್ಕೆ ದುಂಡಗಾಗಿದೆಯೇ ನೋಡಿದ್ದರೆ ಅದು ಅಲ್ಲೇ ನಿಲ್ಲುತ್ತಿತ್ತು. ಸಣ್ಣ ಗುಳ್ಳೆಗಳನ್ನು ಮಾತ್ರ ಈ ಚುಕ್ಕೆಗಳು ತೋರಿಸಲಾರವು. ಅದಕ್ಕೆ ಕಣ್ಣೇ ಬೇಕು, ಬೆಳಕೂ ಬೇಕು.

ತುಂಬಿದವರೇ ಜೋಡಿಸಬೇಕು, ಜೋಡಿಸಿದವರೇ ಗುಂಡಿ ಒತ್ತಬೇಕು ಎಂಬ ನಿಯಮವನ್ನು ಕೆಲವು ವಿಭಾಗಗಳು ಪಾಲಿಸುತ್ತವೆ. ಮಧ್ಯೆ ಕೈ ಬದಲಾದರೆ ಮೊದಲಿನಿಂದ ನೋಡಬೇಕು. ಇದು ಸಮಯ ತಿನ್ನುತ್ತದೆ ಎಂಬ ಗೊಣಗು ಇದ್ದೇ ಇದೆ. ತಿನ್ನಲಿ.

ಇಲ್ಲಿಯವರೆಗೆ ಹೇಳಿದ್ದು ಅಭಿಧಮನಿಯ ಮಾತು. ಅಪಧಮನಿಯ ಕಡೆಗೆ ಬಂದರೆ ಎಲ್ಲ ಅಳತೆಗಳೂ ಬದಲಾಗುತ್ತವೆ. ಜಯದೇವಕ್ಕೋ ನಿಮ್ಹಾನ್ಸ್‌ಗೋ ಹೋಗಿ ಆಂಜಿಯೋಗ್ರಾಂ ಮಾಡಿಸಿಕೊಂಡವರು ಕನ್ನಡ ಓದುಗರಲ್ಲಿ ಬಹಳ ಮಂದಿ ಇದ್ದಾರು. ಅಲ್ಲಿ ಡೈ ಹೋಗುವುದು ನೇರ ಹೃದಯದ, ಇಲ್ಲವೇ ಮೆದುಳಿನ ಅಪಧಮನಿಗೆ. ನಡುವೆ ಶ್ವಾಸಕೋಶದ ಜಾಲರಿ ಇಲ್ಲ. ಹೃದಯದ ಪರಿಧಮನಿಗೆ ಅರ್ಧ ಎಂ.ಎಲ್. ಗಾಳಿ ಹೋದರೂ ಹೃದಯದ ಲಯ ಕೆಡಬಹುದು ಎಂದು ವೈದ್ಯಗ್ರಂಥಗಳು ಎಚ್ಚರಿಸುತ್ತವೆ. ಮೆದುಳಿಗೆ ಎರಡು ಮೂರು ಎಂ.ಎಲ್. ಹೋದರೂ ಪ್ರಾಣಾಂತಕವಾಗಬಹುದು. ಅಭಿಧಮನಿಯಲ್ಲಾದರೆ ಶ್ವಾಸಕೋಶ ಸಾಮಾನ್ಯವಾಗಿ ನಿಭಾಯಿಸಿಬಿಡುವ ಪ್ರಮಾಣ ಇದು. ಹಾಗಾಗಿ ಆಂಜಿಯೋಗ್ರಾಂ ನಡೆಯುವ ಕ್ಯಾಥ್ ಲ್ಯಾಬಿನಲ್ಲಿ ಗುಳ್ಳೆಯ ಬಗೆಗಿನ ಶಿಸ್ತು ಬೇರೆಯೇ ದರ್ಜೆಯದು. ಹಲವು ಕೊಳವೆಗಳು ಕೂಡುವ ಮ್ಯಾನಿಫೋಲ್ಡನ್ನು ತಟ್ಟಿ ತಟ್ಟಿ ತೊಳೆಯುತ್ತಾರೆ. ಕ್ಯಾಥೆಟರಿನ ಹಿಂತುದಿಯಿಂದ ರಕ್ತ ತಾನಾಗಿ ಹರಿದು ಬರಲು ಬಿಟ್ಟು ಆಮೇಲೆ ಜೋಡಿಸುತ್ತಾರೆ. ಸಿರಿಂಜನ್ನು ಮೂತಿ ಕೆಳಗೆ, ಹಿಡಿ ಮೇಲೆ ಇರುವಂತೆ ಓರೆಯಾಗಿ ಹಿಡಿದು ತಳ್ಳುತ್ತಾರೆ, ಕೊನೆಯ ಹನಿಯನ್ನು ಎಂದೂ ತಳ್ಳುವುದಿಲ್ಲ. ಪಕ್ಕದಲ್ಲಿ ನಿಂತವರು ಗುಳ್ಳೆ ಕಂಡರೆ, ಅವರು ಎಷ್ಟೇ ಕಿರಿಯರಾಗಿರಲಿ, ‘ಏರ್’ ಎಂದು ಕೂಗಿ ದೊಡ್ಡ ಡಾಕ್ಟರ ಕೈಯನ್ನೇ ನಿಲ್ಲಿಸಬಹುದು. ನಮ್ಮ ಆಸ್ಪತ್ರೆಗಳ ಮೇಲು ಕೀಳಿನ ನಡುವೆ ಇದು ಕಮ್ಮಿ ಮಾತಲ್ಲ.

ಜೀವಕ್ಕೆ ಅಪಾಯವಿಲ್ಲದ ಕಡೆಯೂ ಗುಳ್ಳೆ ಸುಳ್ಳು ಹೇಳುತ್ತದೆ. ಪಿತ್ತನಾಳಕ್ಕೆ ಎಂಡೋಸ್ಕೋಪಿನ ಮೂಲಕ ಡೈ ಹಾಕಿ ಎಕ್ಸ್‌ರೇ ತೆಗೆಯುವ ಇ.ಆರ್.ಸಿ.ಪಿ. ಪರೀಕ್ಷೆಯಲ್ಲಿ ಹುಡುಕುವುದೇ ಕಲ್ಲನ್ನು. ಡೈ ತುಂಬಿದ ನಾಳದಲ್ಲಿ ಕಲ್ಲು ಹೇಗೆ ಖಾಲಿ ಜಾಗವಾಗಿ ಕಾಣುತ್ತದೆಯೋ ಗಾಳಿಗುಳ್ಳೆಯೂ ಹಾಗೆಯೇ ಕಾಣುತ್ತದೆ. ಸಿರಿಂಜಿನಿಂದ ಜಾರಿದ ಒಂದು ಗುಳ್ಳೆ ರೋಗಿಗೆ ಇಲ್ಲದ ಕಲ್ಲನ್ನು ಹುಟ್ಟಿಸಬಹುದು. ಮೂತ್ರನಾಳದ ಚಿತ್ರದಲ್ಲೂ ಇದೇ ಪಾಡು. ಮಕ್ಕಳಾಗದವರಿಗೆ ಮಾಡುವ ಗರ್ಭಕೋಶದ ಡೈ ಪರೀಕ್ಷೆಯಲ್ಲಿ ಗುಳ್ಳೆ ಪಾಲಿಪ್‌ನಂತೆ ಕಂಡೀತು. ಮಂಡಿಗೋ ಭುಜಕ್ಕೋ ಡೈ ಚುಚ್ಚಿ ಎಂ.ಆರ್.ಐ. ಮಾಡಿದಾಗ ಗುಳ್ಳೆ ಕೀಲಿನೊಳಗೆ ಕಳಚಿಬಿದ್ದ ಮೃದ್ವಸ್ಥಿಯ ಚೂರಿನಂತೆ ತೋರೀತು. ಪಳಗಿದ ರೇಡಿಯಾಲಜಿಸ್ಟ್ ಮೋಸ ಹೋಗುವುದಿಲ್ಲ. ಗುಳ್ಳೆ ದುಂಡಗಿರುತ್ತದೆ, ರೋಗಿಯ ಮಗ್ಗುಲು ಬದಲಿಸಿದರೆ ಎತ್ತರದ ಕಡೆಗೆ ಓಡುತ್ತದೆ. ಕಲ್ಲು ತಗ್ಗಿಗೆ ಉರುಳುತ್ತದೆ. ಆದರೂ ಅನುಮಾನ ಬಂದರೆ ಪರೀಕ್ಷೆಯನ್ನು ಮತ್ತೆ ಮಾಡಬೇಕು, ಇನ್ನಷ್ಟು ಡೈ, ಇನ್ನಷ್ಟು ಎಕ್ಸ್‌ರೇ. ಈ ಪರೀಕ್ಷೆಗಳಲ್ಲಿ ಕೈಯಿಂದ ತುಂಬುವ 20 ಎಂ.ಎಲ್. ಸಿರಿಂಜುಗಳಿಗೆ ಯಾವ ಸೆನ್ಸರೂ ಇಲ್ಲ ಎಂಬುದನ್ನು ಮರೆಯಬಾರದು.

ಸೆನ್ಸರ್ ಇರುವ ಯಂತ್ರಗಳು ಈಗ ಬಂದಿವೆ. ಸಿರಿಂಜೇ ಇಲ್ಲದೆ ಬಾಟಲಿಯಿಂದ ಕೊಳವೆಯ ಮೂಲಕ ನೇರವಾಗಿ ಡೈ ತಳ್ಳುವ ಮಾದರಿಗಳಲ್ಲಿ ಶ್ರವಣಾತೀತ ತರಂಗದಿಂದಲೋ ಬೆಳಕಿನಿಂದಲೋ ಗಾಳಿಯನ್ನು ಪತ್ತೆ ಮಾಡಿ ಪಂಪು ನಿಲ್ಲಿಸುವ ಏರ್ಪಾಡಿದೆ. ಇದು ಒಳ್ಳೆಯದು, ಬೇಗ ಎಲ್ಲ ಕಡೆ ಬರಲಿ. ಆದರೆ ಸೆನ್ಸರ್ ಇರುವುದು ಯಂತ್ರದ ಬಳಿ, ಅದರ ಮುಂದಿನ ಕೊಳವೆ ಅದರ ಕಣ್ಣಿಗೆ ಬೀಳದು. ಕ್ಯಾನುಲಾದ ಜೋಡಣೆಯಲ್ಲಿ ಉಳಿದ ಗಾಳಿ ಅದಕ್ಕೆ ತಿಳಿಯುವುದಿಲ್ಲ. ಇನ್ನೊಂದು ತೊಂದರೆ ಮನುಷ್ಯರದು: ಚಿಕ್ಕ ಗುಳ್ಳೆಗೂ ಕಿರುಚುವ ಅಲಾರಂ ಕೆಲವು ದಿನ ಕೇಳಿದ ಮೇಲೆ ಕಿವಿ ಅದನ್ನು ಕೇಳುವುದು ಬಿಡುತ್ತದೆ, ಕೈ ತಾನಾಗಿ ರೀಸೆಟ್ ಗುಂಡಿಗೆ ಹೋಗುತ್ತದೆ.

ಇಷ್ಟೆಲ್ಲ ಮಾಡಿಯೂ ದೊಡ್ಡ ಪ್ರಮಾಣದ ಗಾಳಿ ಹೋಯಿತು ಅನ್ನಿ. ರೋಗಿಗೆ ಹಠಾತ್ ಉಸಿರುಕಟ್ಟುತ್ತದೆ, ಕೆಮ್ಮು, ಎದೆನೋವು, ನಾಡಿಯ ಓಟ. ಕೂಡಲೇ ಡೈ ನಿಲ್ಲಿಸಿ ರೋಗಿಯನ್ನು ಎಡ ಮಗ್ಗುಲಿಗೆ ಹೊರಳಿಸುತ್ತಾರೆ. ಹಾಗೆ ಮಲಗಿದರೆ ಗಾಳಿ ಬಲ ಹೃದಯದ ಮೇಲ್ಭಾಗಕ್ಕೆ ತೇಲಿ, ಶ್ವಾಸಕೋಶಕ್ಕೆ ಹೋಗುವ ಬಾಯಿಯಿಂದ ದೂರ ಸರಿಯುತ್ತದೆ. ಜೊತೆಗೆ ಶುದ್ಧ ಆಮ್ಲಜನಕ. ಗುಳ್ಳೆಯಲ್ಲಿ ಹೆಚ್ಚಿನ ಪಾಲು ಸಾರಜನಕ. ರಕ್ತದಲ್ಲಿ ಸಾರಜನಕ ಕಡಿಮೆಯಾದಷ್ಟೂ ಅದು ಗುಳ್ಳೆಯಿಂದ ಬೇಗ ಹೊರಬಂದು ಗುಳ್ಳೆ ಕುಗ್ಗುತ್ತದೆ. ಮೆದುಳಿಗೆ ಗಾಳಿ ಹೋಗಿದ್ದರೆ ಒತ್ತಡ ಹೆಚ್ಚಿಸಿದ ಆಮ್ಲಜನಕದ ಕೋಣೆಯೂ ನೆರವಾಗುತ್ತದೆ, ಅದು ಹತ್ತಿರದಲ್ಲಿ ಇದ್ದರೆ.

ವಿಚಿತ್ರವೆಂದರೆ ವೈದ್ಯಚಿತ್ರಣ ಗಾಳಿಯನ್ನು ಯಾವಾಗಲೂ ವೈರಿಯಾಗಿ ಕಂಡಿಲ್ಲ. ಅಮೆರಿಕದ ನರಶಸ್ತ್ರಚಿಕಿತ್ಸಕ ವಾಲ್ಟರ್ ಡ್ಯಾಂಡಿ 1918ರಲ್ಲಿ ಮೆದುಳಿನ ಕುಹರಗಳಿಗೆ ಗಾಳಿಯನ್ನೇ ತುಂಬಿ ಎಕ್ಸ್‌ರೇಯಲ್ಲಿ ಅವುಗಳ ಆಕಾರ ಕಂಡ. ಸಿ.ಟಿ. ಬರುವವರೆಗೆ ದಶಕಗಟ್ಟಲೆ, ರೋಗಿಗೆ ಎಷ್ಟೇ ತಲೆನೋವು ಬಂದರೂ, ಅದೇ ದಾರಿಯಾಗಿತ್ತು. ಮೂತ್ರಪಿಂಡ ಸೋತವರಿಗೆ ಅಯೋಡಿನ್ ಡೈ ಬೇಡವೆಂದು ಇಂದಿಗೂ ಕಾಲಿನ ಅಪಧಮನಿಗೆ ಇಂಗಾಲದ ಡೈ ಆಕ್ಸೈಡ್ ಬಿಟ್ಟು ಚಿತ್ರ ತೆಗೆಯುವುದುಂಟು. ಅದು ರಕ್ತದಲ್ಲಿ ಬಹಳ ಬೇಗ ಕರಗುತ್ತದೆ, ಆದರೂ ವಪೆಯ ಮೇಲಿನ ಅಪಧಮನಿಗಳಿಗೆ ಬಿಡುವುದಿಲ್ಲ. 1968ರಲ್ಲಿ ರೇಮಂಡ್ ಗ್ರಾಮಿಯಾಕ್ ಮತ್ತು ಪ್ರವೀಣ್ ಶಾ, ಇಂಜೆಕ್ಷನ್ ಕೊಡುವಾಗ ಎಕೋ ಚಿತ್ರದಲ್ಲಿ ಹೊಳಪಿನ ಮೋಡವೊಂದು ಏಳುವುದನ್ನು ವರದಿ ಮಾಡಿದರು. ಅದು ಪುಟ್ಟ ಗುಳ್ಳೆಗಳ ಕೆಲಸ. ಅಲ್ಲಿಂದ ಅಲ್ಟ್ರಾಸೌಂಡಿಗೆ ಗುಳ್ಳೆಯೇ ಕಾಂಟ್ರಾಸ್ಟ್ ಆಯಿತು. ಇಂದು ಅದಕ್ಕೆಂದೇ ತಯಾರಾಗುವ ಗುಳ್ಳೆಗಳು ಕೆಂಪು ರಕ್ತಕಣಕ್ಕಿಂತ ದೊಡ್ಡವಲ್ಲ, ಹಾಗಾಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳದೆ ದಾಟುತ್ತವೆ.

ಹೃದಯದ ಕಿಂಡಿ ಮುಚ್ಚಿದೆಯೇ ಎಂದು ನೋಡುವುದಕ್ಕೂ ಗುಳ್ಳೆಯೇ ಬೇಕು. ಎರಡು ಸಿರಿಂಜು, ನಡುವೆ ಒಂದು ತ್ರೀ-ವೇ ಕೀಲಿ. ಸಲೈನಿಗೆ ಚೂರು ಗಾಳಿ ಸೇರಿಸಿ ಆಚೆಗೂ ಈಚೆಗೂ ರಭಸದಿಂದ ತಳ್ಳಿ, ಮೇಲೆ ಬೇಡವೆಂದ ನೊರೆಯನ್ನು ಬೇಕೆಂದೇ ಎಬ್ಬಿಸುತ್ತಾರೆ. ಅದನ್ನು ಕೈಯ ಅಭಿಧಮನಿಗೆ ಕೊಟ್ಟು, ಉಸಿರು ಬಿಗಿಹಿಡಿದು ಬಿಡಿ ಎನ್ನುತ್ತಾರೆ. ಎಕೋ ಪರದೆಯಲ್ಲಿ ಹೃದಯದ ಬಲಭಾಗ ಮಿನುಗುಚುಕ್ಕೆಗಳಿಂದ ತುಂಬುತ್ತದೆ. ಮೂರು ಬಡಿತದೊಳಗೆ ಎಡಭಾಗದಲ್ಲೂ ಚುಕ್ಕೆ ಕಂಡರೆ ಕಿಂಡಿ ತೆರೆದಿದೆ ಎಂದರ್ಥ. ಈ ಪರೀಕ್ಷೆಯಲ್ಲಿ ಹಾಗೆ ಕಂಡವರು, ಹುಟ್ಟಿನಿಂದ ಹೃದಯದಲ್ಲಿ ರಂಧ್ರವಿದೆ ಎಂದು ತಿಳಿದವರು, ಮುಂದೆಂದಾದರೂ ಡೈ ಹಾಕಿ ಸ್ಕ್ಯಾನ್ ಮಾಡಿಸುವಾಗ ಕೌಂಟರಿನಲ್ಲೇ ಅದನ್ನು ಹೇಳಬೇಕು. ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರದಲ್ಲಿ ಅಲರ್ಜಿ, ಸಕ್ಕರೆ ಮಾತ್ರೆ, ಮೂತ್ರಪಿಂಡದ ಪ್ರಶ್ನೆಗಳ ಕೆಳಗೆ ಈ ಒಂದು ಪ್ರಶ್ನೆಗೂ ಒಂದು ಸಾಲು ಜಾಗ ಕೊಡಲಿ ಎಂಬುದು ನನ್ನ ಆಸೆ. ಉತ್ತರ ‘ಹೌದು’ ಎಂದಾದರೆ ಟೆಕ್ನಿಷಿಯನ್ ಕೊಳವೆಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡುತ್ತಾರೆ.